ವರ್ಣಮಾಲೆಯ ಬಾಯಿಪಾಠ ಮತ್ತು ಹೊರನಾಡಿನ ಕನ್ನಡ ಮಗು

ಎಳೆಯ ಮಕ್ಕಳಿಗೆ ಅಕ್ಷರವನ್ನು ಮೊದಲು ಕಿವಿಯಿಂದ ಕಲಿಸಬೇಕೋ ಕಣ್ಣಿನಿಂದ ಕಲಿಸಬೇಕೋ ಎಂಬುದು ಹಳೆಯ ಪ್ರಶ್ನೆ. ಕರ್ನಾಟಕದ ಒಳಗೆ ಇದಕ್ಕೆ ಯಾವ ಉತ್ತರವನ್ನು ಕೊಟ್ಟರೂ ಮಗುವಿಗೆ ಹೆಚ್ಚಿನ ನಷ್ಟವಾಗದು. ಶಾಲೆಯಲ್ಲಿ ತಪ್ಪಿದ್ದನ್ನು ಬಸ್ಸಿನ ಫಲಕ, ಅಂಗಡಿಯ ಹೆಸರು, ಮನೆಗೆ ಬರುವ ಪತ್ರಿಕೆ ತಿದ್ದುತ್ತವೆ. ಹೊರನಾಡಿನಲ್ಲಿ ಈ ಅನುಕೂಲವಿಲ್ಲ. ೨೦೧೧ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು ೪.೩೭ ಕೋಟಿ, ಅವರಲ್ಲಿ ಮಹಾರಾಷ್ಟ್ರದಲ್ಲಿಯೇ ಸುಮಾರು ೧೦ ಲಕ್ಷ ಮಂದಿ ಇದ್ದರು, ತಮಿಳುನಾಡಿನಲ್ಲಿ ಅದಕ್ಕಿಂತಲೂ ಹೆಚ್ಚು. ಈ ಮನೆಗಳಲ್ಲಿ ಕನ್ನಡವನ್ನು ಆಡಬಲ್ಲ, ಆದರೆ ಓದಲಾರದ ಮಕ್ಕಳು ಬೆಳೆಯುತ್ತಿರುವುದು ನಮ್ಮ ಓದುಗರಿಗೆ ಪರಿಚಿತವಾದ ಸಂಗತಿ. ವಾರಕ್ಕೊಮ್ಮೆ ಸೇರುವ ಕನ್ನಡ ತರಗತಿಯಲ್ಲಿ ಬೋಧಕನ ಕೈಗೆ ಸುಲಭವಾಗಿ ಸಿಗುವ ಸಾಧನವೆಂದರೆ ವರ್ಣಮಾಲೆಯ ಹಾಡು. ಆ ಹಾಡು ಏನನ್ನು ಕಲಿಸುತ್ತದೆ, ಏನನ್ನು ಕಲಿಸಲಾರದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ನಮ್ಮ ವ್ಯಾಕರಣ ಪರಂಪರೆ ಅಕ್ಷರಕ್ಕೆ ಎರಡು ರೂಪಗಳನ್ನು ಹೇಳುತ್ತದೆ. ಕಿವಿಗೆ ಕೇಳುವುದು ಶ್ರಾವಣ, ಕಣ್ಣಿಗೆ ಕಾಣುವುದು ಚಾಕ್ಷುಷ. ಈ ಭೇದವೇ ನಮ್ಮ ಚರ್ಚೆಗೆ ಆಧಾರ.

೧. ಕ್ರಮದಲ್ಲಿ ಅಡಗಿರುವ ತಿಳಿವು

ಇಂದು ಶಾಲೆಗಳಲ್ಲಿ ಕಲಿಸುವ ವರ್ಣಮಾಲೆಯಲ್ಲಿ ೧೩ ಸ್ವರಗಳು, ೨ ಯೋಗವಾಹಗಳು, ೩೪ ವ್ಯಂಜನಗಳು, ಒಟ್ಟು ೪೯ ಅಕ್ಷರಗಳಿವೆ. ಇಂಗ್ಲಿಷ್ ಅಕ್ಷರಗಳ ಹಾಡಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಇಂಗ್ಲಿಷಿನ ಮಗು ಹಾಡುವುದು ಅಕ್ಷರಗಳ ಹೆಸರುಗಳನ್ನು. ‘ಡಬ್ಲ್ಯೂ’ ಎಂಬ ಹೆಸರಿನಿಂದ ಆ ಅಕ್ಷರದ ಉಚ್ಚಾರ ತಿಳಿಯದು. ಕನ್ನಡದ ಮಗು ಹಾಡುವುದು ಧ್ವನಿಗಳನ್ನೇ. ‘ಕ’ ಎಂಬುದು ಅಕ್ಷರದ ಹೆಸರೂ ಹೌದು, ಓದುವಾಗ ಅದು ಕೊಡುವ ಧ್ವನಿಯೂ ಹೌದು.

ಈ ಧ್ವನಿಗಳ ಕ್ರಮವೂ ಆಕಸ್ಮಿಕವಲ್ಲ. ಕವರ್ಗ ಕಂಠದಲ್ಲಿ, ಚವರ್ಗ ತಾಲುವಿನಲ್ಲಿ, ಟವರ್ಗ ಮೂರ್ಧದಲ್ಲಿ, ತವರ್ಗ ಹಲ್ಲಿನಲ್ಲಿ, ಪವರ್ಗ ತುಟಿಗಳಲ್ಲಿ ಹುಟ್ಟುತ್ತದೆ. ಉಚ್ಚಾರಸ್ಥಾನ ಒಳಗಿನಿಂದ ಹೊರಗೆ ಸಾಗುತ್ತದೆ. ಪ್ರತಿ ವರ್ಗದೊಳಗೂ ಅಲ್ಪಪ್ರಾಣ, ಮಹಾಪ್ರಾಣ, ಕೊನೆಗೆ ಅನುನಾಸಿಕ ಎಂಬ ಒಂದೇ ವ್ಯವಸ್ಥೆ ಮರುಕಳಿಸುತ್ತದೆ. ೧೩ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರ ವಿಚಾರವನ್ನು ದೇಹದಲ್ಲಿ ಧ್ವನಿ ಹುಟ್ಟುವ ಬಗೆಯಿಂದಲೇ ಆರಂಭಿಸುತ್ತಾನೆ ಎಂಬುದನ್ನು ಇಲ್ಲಿ ನೆನೆಯಬಹುದು. ಐದೈದಾಗಿ ನಿಲ್ಲಿಸಿ ಹೇಳಿಸುವ ಬಾಯಿಪಾಠದಲ್ಲಿ ಮಗು ಈ ವ್ಯವಸ್ಥೆಯನ್ನು ಶಾಸ್ತ್ರದ ಪರಿಭಾಷೆಯಿಲ್ಲದೆ ಬಾಯಿಯಿಂದಲೇ ಅನುಭವಿಸುತ್ತದೆ.

ವರ್ಗದ ಐದನೆಯ ಅಕ್ಷರದ ಪ್ರಯೋಜನ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಙ, ಞ ಅಕ್ಷರಗಳಿಂದ ಆರಂಭವಾಗುವ ಬಳಕೆಯ ಪದಗಳು ಕನ್ನಡದಲ್ಲಿ ಇಲ್ಲವೆಂದು ಅವನ್ನು ಹಾಡಿನಿಂದ ಬಿಟ್ಟುಬಿಡುವವರಿದ್ದಾರೆ. ಆದರೆ ಸೊನ್ನೆಯ ಉಚ್ಚಾರಕ್ಕೆ ಕೀಲಿಕೈ ಇರುವುದು ಅಲ್ಲಿಯೇ. ಅಂಕ, ಮಂಚ, ಗಂಟೆ, ಹಂದಿ, ತುಂಬು ಎಂಬ ಪದಗಳಲ್ಲಿ ಬರೆಯುವುದು ಒಂದೇ ಸೊನ್ನೆಯಾದರೂ ಕೇಳುವುದು ಕ್ರಮವಾಗಿ ಙ, ಞ, ಣ, ನ, ಮ ಧ್ವನಿಗಳು. ವರ್ಗವನ್ನು ಪೂರ್ಣವಾಗಿ ಹೇಳಿ ಬಲ್ಲ ಮಗುವಿಗೆ ಇದನ್ನು ಬೇರೆಯಾಗಿ ವಿವರಿಸುವ ಶ್ರಮ ಕಡಿಮೆ.

೨. ಕಾಗುಣಿತ ಮತ್ತು ಮಾತ್ರೆ

೩೪ ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತವನ್ನು ಕಟ್ಟಿದರೆ ೫೧೦ ರೂಪಗಳಾಗುತ್ತವೆ. ಇವನ್ನು ಬಿಡಿಬಿಡಿಯಾಗಿ ಕಲಿಯುವುದು ಅಸಾಧ್ಯವೇ ಸರಿ. ಹಳೆಯ ಮಠಗಳ ಕಾಲದಿಂದ ಬಂದ ಬಾಯಿಪಾಠ ಈ ಹೊರೆಯನ್ನು ಹಗುರಗೊಳಿಸಿದೆ. ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ವಟ್ರಸುಳಿ ಮೊದಲಾದ ಹೆಸರುಗಳೊಡನೆ ‘ಕ’ಕಾರಕ್ಕೆ ಇಳಿ ಕೊಟ್ಟರೆ ‘ಕಾ’, ಗುಡಿಸು ಕೊಟ್ಟರೆ ‘ಕಿ’ ಎಂದು ಹೇಳಿಸುವಾಗ, ನಾಲಿಗೆ ಧ್ವನಿಯನ್ನೂ ಮನಸ್ಸು ಗುರುತನ್ನೂ ಒಟ್ಟಿಗೆ ಹಿಡಿಯುತ್ತವೆ. ಶ್ರಾವಣವೂ ಚಾಕ್ಷುಷವೂ ಕೂಡುವ ತಾಣ ಇದು. ಹೊಸ ಹಾಡುಗಳು ಸಾಮಾನ್ಯವಾಗಿ ಸ್ವರ, ವ್ಯಂಜನಗಳಲ್ಲಿಯೇ ನಿಂತು ಕಾಗುಣಿತವನ್ನು ಕೈಬಿಡುವುದು ಚಿಂತಿಸಬೇಕಾದ ವಿಷಯ.

ಧಾಟಿಯ ವಿಷಯದಲ್ಲಿಯೂ ಎಚ್ಚರ ಬೇಕು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಮಾತ್ರೆ ಎಂಬುದು ಕನ್ನಡದಲ್ಲಿ ಅರ್ಥವನ್ನೇ ನಿರ್ಣಯಿಸುತ್ತದೆ: ಬಳೆ–ಬಾಳೆ, ಬೆಳೆ–ಬೇಳೆ, ಕೊಡು–ಕೋಡು, ಮೊರೆ–ಮೋರೆ. ಇಂಗ್ಲಿಷ್ ಅಕ್ಷರಗಳ ಹಾಡಿನ ಧಾಟಿಗೆ ನಮ್ಮ ಸ್ವರಗಳನ್ನು ಕೂಡಿಸಿದಾಗ ಪ್ರತಿ ಅಕ್ಷರವೂ ಸಮನಾಗಿ ಎಳೆಯಲ್ಪಡುತ್ತದೆ. ಅ ಮತ್ತು ಆ, ಎ ಮತ್ತು ಏ ಒಂದೇ ಅಳತೆಗೆ ಬರುತ್ತವೆ. ಹಾಡು ಇಂಪಾಗಿರಬಹುದು, ಆದರೆ ಕಲಿಸಬೇಕಾದುದನ್ನೇ ಅದು ಅಳಿಸಿಹಾಕಿರುತ್ತದೆ. ತಾಳ ಹಾಕಿ ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು ಎಂದು ಹೇಳಿಸುವ ಸರಳ ಕ್ರಮ ಇದಕ್ಕಿಂತ ಮೇಲು.

೩. ಹಾಡಿನ ಮಿತಿ

ಹಾಡು ಕಲಿಸುವುದು ಕ್ರಮವನ್ನು, ಆಕಾರವನ್ನಲ್ಲ. ವರ್ಣಮಾಲೆಯನ್ನು ಒಂದೇ ಉಸಿರಿಗೆ ಒಪ್ಪಿಸುವ ಮಗುವಿಗೆ ನಡುವಿನ ಒಂದು ಅಕ್ಷರವನ್ನು ತೋರಿಸಿ ಕೇಳಿದರೆ, ಅದು ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿಗೆ ತಲುಪುವುದುಂಟು. ಕಾರಣ ಸ್ಪಷ್ಟ. ಧ್ವನಿಯ ಸಾಮೀಪ್ಯ ಬೇರೆ, ಬರೆಹದ ಸಾಮೀಪ್ಯ ಬೇರೆ. ರ ಮತ್ತು ಠ, ಪ ಮತ್ತು ಷ, ವ ಮತ್ತು ಮ ಬಾಯಿಪಾಠದಲ್ಲಿ ದೂರದೂರದಲ್ಲಿದ್ದರೂ ಆಕಾರದಲ್ಲಿ ಅಕ್ಕಪಕ್ಕದವು. ಕಣ್ಣು ಎಡವುವುದು ಇಂತಹ ಜೋಡಿಗಳಲ್ಲಿ.

೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿ ಈ ತೊಡಕನ್ನು ಅರಿತು ಬರೆಹಕ್ಕೆ ಬೇರೆಯೇ ಕ್ರಮವನ್ನು ಅನುಸರಿಸಿತು. ಅಲ್ಲಿ ಮೊದಲ ಗುಂಪಿಗೆ ಬರುವುವು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ರಸ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲುದು. ಅಕ್ಷರ ಅರ್ಥದೊಡನೆ ಸೇರುವುದು ಮೊದಲ ವಾರಗಳಲ್ಲಿಯೇ ಆಗುತ್ತದೆ. ಹಾಡಿನ ಕ್ರಮಕ್ಕೂ ಬರೆಹದ ಕ್ರಮಕ್ಕೂ ಇಲ್ಲಿ ವಿರೋಧವನ್ನು ಕಲ್ಪಿಸಬೇಕಾಗಿಲ್ಲ. ಒಂದು ಕಿವಿಯ ದಾರಿ, ಇನ್ನೊಂದು ಕಣ್ಣಿನ ದಾರಿ.

ಒತ್ತಕ್ಷರಗಳಿಗಂತೂ ಹಾಡಿನಲ್ಲಿ ಸ್ಥಾನವೇ ಇಲ್ಲ. ತ, ನ, ಮ, ಯ, ರ, ಲ ಅಕ್ಷರಗಳ ಒತ್ತುಗಳು ಮೂಲರೂಪಕ್ಕಿಂತ ಭಿನ್ನ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತನ್ನು ಬಳಸಿದರೆ ಮೊದಲು ಕೇಳುವ ರಕಾರವನ್ನು ಅನಂತರ ಬರೆಯಬೇಕು. ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನದ ಗಳಿಕೆ ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಮುಂದೆಯೂ ಸಾಗುತ್ತದೆಂದು ತೋರಿಸಿದೆ. ಹಾಡು ಬಂದಿತೆಂದು ಅಕ್ಷರಾಭ್ಯಾಸ ಮುಗಿಯಿತೆಂದು ತಿಳಿಯುವ ತಂದೆತಾಯಿಗಳು ಈ ಮಾತನ್ನು ಗಮನಿಸಬೇಕು.

೪. ನೆರೆಭಾಷೆಗಳ ನಡುವೆ

ಹೊರನಾಡಿನ ಮಗು ಶಾಲೆಯಲ್ಲಿ ಇನ್ನೊಂದು ವರ್ಣಮಾಲೆಯನ್ನು ಹಾಡುತ್ತದೆ. ಇದು ಅಡ್ಡಿಯಲ್ಲ, ಬಂಡವಾಳ; ಆದರೆ ಊರಿಂದೂರಿಗೆ ಈ ಬಂಡವಾಳ ಬೇರೆ.

ಮುಂಬಯಿ, ಪುಣೆಗಳ ಮಗುವಿಗೆ ವರ್ಗಗಳ ಕ್ರಮ ಮರಾಠಿಯಿಂದಲೇ ಬಂದಿರುತ್ತದೆ; ಳಕಾರವೂ ಪರಿಚಿತ. ದೆಹಲಿಯ ಮಗುವಿಗೆ ಹಿಂದಿಯ ವರ್ಣಮಾಲೆಯಲ್ಲಿ ಳಕಾರ ಸಿಗದು. ಹ್ರಸ್ವ ಎ, ಒಗಳಿಗೆ ಈ ಎರಡು ವರ್ಣಮಾಲೆಗಳಲ್ಲಿಯೂ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ಅವನ್ನು ಹೊಸದಾಗಿ ಕಿವಿಗೆ ಹಾಕಬೇಕು. ಇನ್ನೊಂದು ತೊಡಕೆಂದರೆ ಪದಾಂತ್ಯದ ಅಕಾರ. ‘ಕಮಲ’ ಎಂದು ಬರೆದದ್ದನ್ನು ಅಲ್ಲಿ ‘ಕಮಲ್’ ಎಂದು ಓದುವ ರೂಢಿ. ಅದನ್ನೇ ಕನ್ನಡಕ್ಕೂ ತಂದರೆ ಪದದ ರೂಪವೇ ಕೆಡುತ್ತದೆ.

ಚೆನ್ನೈನ ಮಗುವಿನ ಸ್ಥಿತಿ ಇದಕ್ಕೆ ವಿಪರೀತ. ತಮಿಳಿನ ೧೨ ಸ್ವರಗಳಲ್ಲಿ ಹ್ರಸ್ವ ಎ, ಒಗಳಿವೆ. ೧೮ ವ್ಯಂಜನಗಳಲ್ಲಿ ಪ್ರತಿ ವರ್ಗದಿಂದ ಮೊದಲನೆಯದು ಮತ್ತು ಕೊನೆಯದು ಮಾತ್ರ ಇವೆ. ಹೀಗಾಗಿ ಕ, ಙಗಳ ನಡುವೆ ಖ, ಗ, ಘಗಳನ್ನು ಸೇರಿಸಿ ಹೇಳಿಸುವುದೇ ಅಲ್ಲಿನ ಬೋಧಕನ ಮುಖ್ಯ ಕೆಲಸ. ಹಳಗನ್ನಡದಲ್ಲಿದ್ದು ನಮ್ಮ ಇಂದಿನ ವರ್ಣಮಾಲೆಯಿಂದ ಬಿಟ್ಟುಹೋದ ಱ, ೞಗಳಿಗೆ ಸಂವಾದಿಯಾದ ಅಕ್ಷರಗಳು ತಮಿಳಿನಲ್ಲಿ ಉಳಿದಿರುವುದು ಹಿರಿಯ ಮಕ್ಕಳಿಗೆ ಹೇಳಬಹುದಾದ ಸ್ವಾರಸ್ಯಕರ ಸಂಗತಿ.

ಹೈದರಾಬಾದಿನ ಮಗುವಿಗೆ ಹಾದಿ ಅತ್ಯಂತ ಸುಗಮ. ತೆಲುಗಿನ ಗುಣಿಂತವೂ ನಮ್ಮ ಕಾಗುಣಿತವೂ ಒಂದೇ ಅಚ್ಚಿನವು. ತಲಕಟ್ಟು, ಗುಡಿ, ಕೊಮ್ಮು, ಏತ್ವ ಎಂಬ ಅಲ್ಲಿನ ಹೆಸರುಗಳು ನಮ್ಮ ಹೆಸರುಗಳ ಸೋದರಗಳು. ಲಿಪಿಯ ಹೋಲಿಕೆ ಸರಿಯೇ ಸರಿ. ಇಲ್ಲಿ ಎಚ್ಚರ ಬೇಕಾದುದು ತೀರ ಹೋಲುವ ಅಕ್ಷರಗಳ ನಡುವಣ ಸಣ್ಣ ವ್ಯತ್ಯಾಸಗಳಲ್ಲಿ.

೫. ಸಮನ್ವಯದ ದಾರಿ

ಮೇಲಿನ ವಿವೇಚನೆಯಿಂದ ಮೂರು ಹಂತಗಳನ್ನು ಸೂಚಿಸಬಹುದು. ಮೊದಲನೆಯದು, ವರ್ಗ ಮತ್ತು ಮಾತ್ರೆ ಕೆಡದಂತೆ ಬಾಯಿಪಾಠ. ಎರಡನೆಯದು, ಆಕಾರಸಾಮ್ಯದ ಗುಂಪುಗಳಲ್ಲಿ ಬರೆಹ. ಜೊತೆಗೆ ಆ ಅಕ್ಷರಗಳಿಗಷ್ಟೇ ಕಾಗುಣಿತದ ರಾಗ. ಮೂರನೆಯದು, ಬಾಯಿಗೆ ಬರುವ ಶಿಶುಗೀತೆಯನ್ನು ಕಣ್ಣಿಗೆ ತೋರಿಸುವುದು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು ಈ ಕೆಲಸಕ್ಕೆ ಇಂದಿಗೂ ಒದಗುತ್ತವೆ. ಮಗು ನೆನಪಿನಿಂದ ಒಪ್ಪಿಸುತ್ತಿದೆಯೋ ನಿಜವಾಗಿ ಓದುತ್ತಿದೆಯೋ ಎಂಬುದನ್ನು ತಿಳಿಯಲು ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಸಾಕು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಒಂದು ಕ್ಷೇತ್ರಕಾರ್ಯವೂ ಕಾದಿದೆ. ಹಿಂದೆ ವಲಸೆ ಬಂದ ಕುಟುಂಬಗಳ ಹಿರಿಯರ ಬಾಯಲ್ಲಿ ಕಾಗುಣಿತ ಮತ್ತು ಮಗ್ಗಿಗಳ ಹಳೆಯ ಧಾಟಿಗಳು ಉಳಿದಿರಬಹುದು. ಅವನ್ನು ಧ್ವನಿಮುದ್ರಿಸಿ, ಊರು ಮತ್ತು ಶಾಲೆಯ ವಿವರಗಳೊಡನೆ ಸಂಗ್ರಹಿಸುವುದು ಜಾನಪದದ ದೃಷ್ಟಿಯಿಂದಲೂ ಬೋಧನೆಯ ದೃಷ್ಟಿಯಿಂದಲೂ ಉಪಯುಕ್ತ. ಅದರೊಡನೆಯೇ ಮಕ್ಕಳ ತಪ್ಪುಗಳ ಪಟ್ಟಿಯನ್ನು ಊರುವಾರು ಸಿದ್ಧಪಡಿಸಬೇಕು. ದೆಹಲಿಯ ಮಗುವಿನ ತಪ್ಪು ಚೆನ್ನೈನ ಮಗುವಿನ ತಪ್ಪಲ್ಲ. ಹಾಗಿರುವಾಗ ಬೆಂಗಳೂರಿನ ಮಗುವಿಗಾಗಿ ರಚಿತವಾದ ಒಂದೇ ಪಠ್ಯವನ್ನು ಎಲ್ಲರ ಕೈಗೂ ಕೊಡುವುದು ನ್ಯಾಯವಾಗದು. ಕನ್ನಡವನ್ನು ಆಡುವ ಮಗು ಕನ್ನಡವನ್ನು ಓದುವ ಮಗುವಾಗಲು ಹಾಡು ಹೊಸಿಲನ್ನು ದಾಟಿಸುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆಗಳನ್ನು ನಾವು ಕೈಹಿಡಿದು ಇಡಿಸಬೇಕು.