ಉಪ್ಪಿನ ಪೂಲ್: ಡಿಸ್‌ಪ್ಲೇ ಹೇಳಿದ್ದೆಲ್ಲ ನಿಜವಲ್ಲ

‘ನಮ್ಮದು ಸಾಲ್ಟ್ ವಾಟರ್ ಪೂಲ್, ಕ್ಲೋರಿನ್ ಇಲ್ಲವೇ ಇಲ್ಲ’ ಎಂದು ಹೆಮ್ಮೆಪಡುವ ಅಪಾರ್ಟ್‌ಮೆಂಟುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಹೊರಗಿನಿಂದ ತಂದು ಸುರಿಯುವುದಿಲ್ಲ ಎಂಬುದಷ್ಟೇ ಅದರಲ್ಲಿ ನಿಜ. ಪಂಪ್ ರೂಮಿನ ಸೆಲ್ ಕ್ಲೋರಿನ್ನನ್ನು ಅಲ್ಲೇ ತಯಾರಿಸುತ್ತದೆ. ಪಿಯುಸಿಯಲ್ಲಿ ಓದಿದ ಉಪ್ಪುನೀರಿನ ವಿದ್ಯುದ್ವಿಭಜನೆಯೇ ಇದು. ರುಥೇನಿಯಂ, ಇರಿಡಿಯಂ ಆಕ್ಸೈಡುಗಳ ಲೇಪವಿರುವ ಟೈಟಾನಿಯಂ ತಗಡುಗಳ ನಡುವೆ ನೀರು ಹರಿಯುವಾಗ ಡಿಸಿ ಕರೆಂಟ್ ಹಾಯುತ್ತದೆ, ಉಪ್ಪಿನಲ್ಲಿರುವ ಕ್ಲೋರೈಡ್ ಕ್ಲೋರಿನ್ ಆಗುತ್ತದೆ. ಕಣ್ಣು ಉರಿಸುವ, ಮೂಗಿಗೆ ಬಡಿಯುವ ವಾಸನೆಗೂ ಶುದ್ಧ ಕ್ಲೋರಿನ್ ಕಾರಣವಲ್ಲ. ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ಗಳ ಕೆಲಸ ಅದು. ಪೂಲಿಗೆ ಇಳಿಯುವ ಮುನ್ನ ಸ್ನಾನ ಮಾಡದವರು ಉಪ್ಪಿನ ಪೂಲನ್ನೂ ಹಾಗೆಯೇ ನಾರಿಸಬಲ್ಲರು.

‘ಕ್ಲೋರಿನ್ ತಯಾರಾದಂತೆ ಉಪ್ಪು ಖಾಲಿಯಾಗುತ್ತದೆ’ ಎಂಬುದು ಇನ್ನೊಂದು ನಂಬಿಕೆ. ಕೆಲಸ ಮುಗಿಸಿದ ಕ್ಲೋರಿನ್ ಮತ್ತೆ ಕ್ಲೋರೈಡ್ ಆಗುತ್ತದೆ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಅದು ಹೋಗುವುದು ಬ್ಯಾಕ್‌ವಾಶ್‌ನಲ್ಲಿ, ಸೋರಿಕೆಯಲ್ಲಿ, ಜೋರು ಮಳೆಗೆ ಪೂಲ್ ತುಂಬಿ ಹರಿದಾಗ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಉಪ್ಪು ಕಡಿಮೆಯಾಗಿದ್ದರೆ ಆಶ್ಚರ್ಯವಿಲ್ಲ. ಮಾರ್ಚ್‌ನ ಒಣ ಬಿಸಿಲಿನಲ್ಲಿ ಡಿಸ್‌ಪ್ಲೇ ‘ಲೋ ಸಾಲ್ಟ್’ ಎಂದರೆ ಮಾತ್ರ ಅನುಮಾನಪಡಬೇಕು.

ನಿಜವಾದ ಎಡವಟ್ಟು ಶುರುವಾಗುವುದು ಅಲ್ಲೇ. ದೀಪ ಮಿನುಗಿದ ಕೂಡಲೇ ಮೂಟೆ ಬಿಚ್ಚಿ ಸುರಿಯುವುದು ಅನೇಕ ಕಡೆ ರೂಢಿ. ಆದರೆ ಬಹುತೇಕ ಯಂತ್ರಗಳು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ತಗಡುಗಳ ನಡುವೆ ಎಷ್ಟು ಕರೆಂಟ್ ಹರಿಯಿತು, ನೀರಿನ ಉಷ್ಣತೆ ಎಷ್ಟು ಎಂಬುದನ್ನು ನೋಡಿ ಉಪ್ಪಿನ ಅಂಕಿಯನ್ನು ಲೆಕ್ಕ ಹಾಕುತ್ತವೆ. ಕರೆಂಟ್ ಇಳಿಯುವುದಕ್ಕೆ ಉಪ್ಪು ಕಡಿಮೆಯಾಗಿರಲೇಬೇಕೆಂದಿಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹರಿಯುವ ಸೆಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ತಗಡುಗಳ ಸಂದಿಯಲ್ಲಿ ಸುಣ್ಣದ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಅದು ಕರೆಂಟಿಗೆ ಅಡ್ಡ, ಅಂಕಿ ಕೆಳಗೆ. ಲೇಪ ಸವೆದ ಹಳೆಯ ಸೆಲ್ ಕೂಡ ಹೀಗೇ ಸುಳ್ಳು ಹೇಳುತ್ತದೆ. ಉಷ್ಣತೆಯ ಸೆನ್ಸರ್ ಕೆಟ್ಟರೂ ಅಷ್ಟೇ.

ಹನ್ನೆರಡು ಮೀಟರ್ ಉದ್ದ, ಆರು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಪೂಲಿನಲ್ಲಿ ಸುಮಾರು ಒಂದು ಲಕ್ಷ ಲೀಟರ್ ನೀರು. ಹೆಚ್ಚಿನ ಯಂತ್ರಗಳಿಗೆ ಬೇಕಾದ ಉಪ್ಪು 3,000ದಿಂದ 4,000 ಪಿಪಿಎಂ. ಸಮುದ್ರದಲ್ಲಿರುವುದು ಸುಮಾರು 35,000. ಡಿಸ್‌ಪ್ಲೇ 2,400 ತೋರಿಸಿತು, 3,200ಕ್ಕೆ ಏರಿಸಬೇಕೆಂದು 80 ಕೆಜಿ ಸುರಿದಿರಿ ಎಂದುಕೊಳ್ಳಿ. ನಿಜವಾದ ಉಪ್ಪು ಮೊದಲೇ 3,400 ಇದ್ದಿದ್ದರೆ ಈಗ 4,200. ಇಳಿಸುವುದಕ್ಕೆ ಒಂದಿಷ್ಟು ನೀರು ಹೊರಗೆ ಚೆಲ್ಲಿ ಹೊಸ ನೀರು ತುಂಬಿಸಬೇಕು. ಅದು ಟ್ಯಾಂಕರ್ ದುಡ್ಡು.

ಕ್ಯಾಲಿಬ್ರೇಶನ್ ಬೇಕಾಗುವುದು ಇಂಥ ಕಡೆ, ಆದರೆ ಸರಿಯಾದ ಕ್ರಮದಲ್ಲಿ. ಮೊದಲು ಸೆಲ್ ಸ್ವಚ್ಛವಾಗಿರಬೇಕು. ಉಪ್ಪು ಹಾಕಿದ್ದರೆ ಪಂಪ್ ಒಂದು ದಿನವಾದರೂ ಓಡಿ ಅದು ಪೂರ್ತಿ ಕರಗಿ ಬೆರೆಯಬೇಕು. ಆಮೇಲೆ ನೀರು ಒಳಬರುವ ಬಾಯಿಯಿಂದ ದೂರ, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆದು ಸ್ಟ್ರಿಪ್ಪಿನಲ್ಲೋ ಮೀಟರಿನಲ್ಲೋ ಅಳೆಯಬೇಕು. ಮೀಟರನ್ನು ಅದಕ್ಕೆಂದೇ ಸಿಗುವ ಸ್ಟ್ಯಾಂಡರ್ಡ್ ದ್ರಾವಣದಲ್ಲಿ ಮೊದಲೇ ಸರಿಪಡಿಸಿಕೊಂಡಿರಬೇಕು, ಇಲ್ಲವಾದರೆ ಒಂದು ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ತಿದ್ದಿದ ಹಾಗಾಗುತ್ತದೆ. ಆ ಅಂಕಿಯನ್ನು ಯಂತ್ರಕ್ಕೆ ಕೊಡುವುದೇ ಕ್ಯಾಲಿಬ್ರೇಶನ್. ಇದನ್ನು ರಿಪೇರಿ ಎಂದು ತಿಳಿಯುವವರೂ ಇದ್ದಾರೆ. ಸವೆದ ಸೆಲ್ಲಿಗೆ ಅಂಕಿ ತಿದ್ದಿದರೆ ಎಚ್ಚರಿಕೆಯ ದೀಪ ಆರಬಹುದು, ಕ್ಲೋರಿನ್ ಹೆಚ್ಚುವುದಿಲ್ಲ.

‘50 ಪರ್ಸೆಂಟಿಗೆ ಇಟ್ಟಿದ್ದೇವೆ, ಸಾಕು’ ಎನ್ನುವವರಿಗೆ ಇನ್ನೊಂದು ಲೆಕ್ಕ. ಬಹುತೇಕ ಯಂತ್ರಗಳಲ್ಲಿ ಅದರ ಅರ್ಥ, ಪಂಪ್ ಓಡುವ ಹೊತ್ತಿನಲ್ಲಿ ಅರ್ಧ ಸಮಯ ಮಾತ್ರ ಸೆಲ್ ಚಾಲೂ ಇರುತ್ತದೆ ಎಂದು. ಗಂಟೆಗೆ 25 ಗ್ರಾಂ ಕೊಡುವ ಸೆಲ್, ಪಂಪ್ ನಾಲ್ಕೇ ಗಂಟೆ ಓಡಿದರೆ, ಕೊಡುವುದು 50 ಗ್ರಾಂ. ಲಕ್ಷ ಲೀಟರಿಗೆ ಅದು 0.5 ಪಿಪಿಎಂ. ಬಯಲಿನ ಪೂಲಿನಲ್ಲಿ ಸಯನ್ಯೂರಿಕ್ ಆ್ಯಸಿಡ್ ಎಂಬ ಸ್ಟೆಬಿಲೈಸರ್ ಇಲ್ಲದಿದ್ದರೆ ಬಿಸಿಲು ಅದರಲ್ಲಿ ಬಹುಪಾಲನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತದೆ. ಕರೆಂಟ್ ಉಳಿಸಲು ಪಂಪಿನ ಸಮಯ ಕತ್ತರಿಸುವ ಅಸೋಸಿಯೇಶನ್‌ಗಳು ಪಾಚಿಗೆ ಯಂತ್ರವನ್ನು ಬೈಯುವುದು ಅನ್ಯಾಯ.

ಪಿಎಚ್ ವಿಷಯ ಚಿಕ್ಕದಾದರೂ ಮರೆಯುವಂಥದ್ದಲ್ಲ. ಉಪ್ಪಿನ ಪೂಲಿನಲ್ಲಿ ಅದು ಮೇಲೇರುತ್ತಲೇ ಇರುತ್ತದೆ. ಪಿಎಚ್ 7.5ರ ಆಸುಪಾಸಿನಲ್ಲಿ ಸುಮಾರು ಅರ್ಧ ಕ್ಲೋರಿನ್ ಚುರುಕಾದ ರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಕಾಲು ಭಾಗದಷ್ಟೂ ಕಷ್ಟ. ಹಕ್ಕಳೆ ಕಟ್ಟುವುದೂ ಆಗಲೇ ಜೋರು.

ಹಾಗೆಂದು ವಾರವಾರ ಆ್ಯಸಿಡ್‌ನಲ್ಲಿ ತೊಳೆದರೆ ಸೆಲ್ ಬಾಳುತ್ತದೆ ಎಂಬುದು ತಪ್ಪು. ಆ್ಯಸಿಡ್ ಹಕ್ಕಳೆಯ ಜೊತೆ ಲೇಪವನ್ನೂ ತಿನ್ನುತ್ತದೆ. ಕಣ್ಣಿಗೆ ಹಕ್ಕಳೆ ಕಂಡಾಗ ಮಾತ್ರ, ಕರೆಂಟ್ ಆಫ್ ಮಾಡಿ, ನಾಲ್ಕು ಪಾಲು ನೀರಿಗೆ ಒಂದು ಪಾಲು ಆ್ಯಸಿಡ್ ಹಾಕಿದ ದ್ರಾವಣದಲ್ಲಿ, ನೊರೆ ನಿಲ್ಲುವವರೆಗೆ ಇಟ್ಟರೆ ಸಾಕು. ನೀರಿಗೆ ಆ್ಯಸಿಡ್ ಸುರಿಯಬೇಕೇ ಹೊರತು ಆ್ಯಸಿಡ್‌ಗೆ ನೀರಲ್ಲ. ಸ್ಕ್ರೂಡ್ರೈವರಿನಿಂದ ಕೆರೆಯುವುದಂತೂ ಬೇಡವೇ ಬೇಡ. ಆ್ಯಸಿಡ್ ಕ್ಯಾನನ್ನು ಬ್ಲೀಚಿಂಗ್ ಪೌಡರ್ ಡಬ್ಬದ ಪಕ್ಕದಲ್ಲಿ ಇಡಬಾರದು. ಎರಡೂ ಬೆರೆತರೆ ಎದ್ದುಬರುವುದು ಉಸಿರುಗಟ್ಟಿಸುವ ಕ್ಲೋರಿನ್ ಅನಿಲ.