ಬೀಗವೂ ಹೆಸರಿನ ಪಟ್ಟಿಯೂ

ಕಳೆದ ವರ್ಷ ನಮ್ಮ ವಾರ್ಷಿಕ ಸಂಚಿಕೆಯ ಸಂಪಾದಕ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆನು. ಕೈಗೆ ಬಂದ ಲೇಖನಗಳನ್ನೆಲ್ಲ ಅಂತರಜಾಲದ ಒಂದು ಫೋಲ್ಡರಿನಲ್ಲಿ ಇರಿಸಿ, ಅದರ ಲಿಂಕನ್ನು ಸಮಿತಿಯ ಏಳು ಮಂದಿಗೆ ಮಾತ್ರ ಕಳುಹಿಸಿದೆನು. ಹೊರಗಿನವರು ಅದನ್ನು ಕಾಣಲಾರರೆಂದೇ ನಂಬಿದ್ದೆನು. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಸಾಲದ ಕಷ್ಟವನ್ನು ಕುರಿತು ಪ್ರಬಂಧ ಬರೆದು, ಅಚ್ಚಿನಲ್ಲಿ ತನ್ನ ಹೆಸರು ಬರಬಾರದೆಂದು ಕೇಳಿಕೊಂಡಿದ್ದಳು. ಒಂದು ವಾರದೊಳಗೆ ಅದನ್ನು ಯಾರೋ ಕ್ಯಾಂಟೀನಿನಲ್ಲಿ ಹೆಸರುಸಹಿತ ಗಟ್ಟಿಯಾಗಿ ಓದಿ ನಕ್ಕರು. ಮರುದಿನ ಆಕೆ ಬಂದು, “ನನ್ನ ಬರಹ ವಾಪಸು ಕೊಟ್ಟುಬಿಡಿ, ಅಣ್ಣಾ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಎಲ್ಲಾಯಿತೆಂದು ಆಮೇಲೆ ವಿಚಾರಿಸಿದೆನು. ಲಿಂಕ್ ಎಂಬುದು ಬರಿಯ ವಿಳಾಸ. ಒಬ್ಬನು ಇನ್ನೊಬ್ಬನಿಗೆ ದಾಟಿಸಿದರೆ ಅವನೂ ನೇರವಾಗಿ ಒಳಗೆ ಬರಬಹುದು. ನೀನು ಯಾರೆಂದು ಕೇಳುವವರೇ ಅಲ್ಲಿಲ್ಲ.

ನಮ್ಮ ಪರೀಕ್ಷಾ ಕೊಠಡಿಯನ್ನೇ ನೋಡಿರಿ. ಮೇಲ್ವಿಚಾರಕರು ಮೊದಲು ಪ್ರವೇಶಪತ್ರದ ಭಾವಚಿತ್ರವನ್ನೂ ನಮ್ಮ ಮುಖವನ್ನೂ ಹೋಲಿಸುತ್ತಾರೆ. ಅನಂತರ ನಮ್ಮ ಸಂಖ್ಯೆಯು ಆ ಕೊಠಡಿಯ ಪಟ್ಟಿಯಲ್ಲಿ ಉಂಟೇ ಎಂದು ನೋಡುತ್ತಾರೆ. ಇವನು ಯಾರು ಎಂಬುದೊಂದು ಪ್ರಶ್ನೆ. ಇವನಿಗೆ ಇಲ್ಲಿ ಅವಕಾಶವುಂಟೇ ಎಂಬುದು ಇನ್ನೊಂದು. ಗಣಕಯಂತ್ರದಲ್ಲಿ ಮೊದಲನೆಯದಕ್ಕೆ ಉತ್ತರ ಹೆಸರು ಮತ್ತು ಪಾಸ್‌ವರ್ಡ್. ಎರಡನೆಯದಕ್ಕೆ ಸದಸ್ಯರ ಪಟ್ಟಿ.

ಈ ಏರ್ಪಾಟು ಹಳೆಯದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡವು, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು 1961ರಲ್ಲಿ ಪ್ರದರ್ಶಿಸಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಕ್ಕದಿರಲೆಂದು ಅಲ್ಲಿ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. ಆದರೆ ಮುಂದೆ ಒಂದು ದಿನ, ಒಳಗೆ ಬಂದವರಿಗೆಲ್ಲ ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡುಗಳೇ ಕಾಣಿಸಿದುವು! ಇಬ್ಬರು ನಿರ್ವಾಹಕರು ಏಕಕಾಲದಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾಗಿದ್ದುವು. ಪಾಸ್‌ವರ್ಡ್ ಇದ್ದರೆ ಸಾಲದು, ಅದನ್ನಿಡುವ ಬಗೆಯೂ ಭದ್ರವಾಗಿರಬೇಕೆಂಬುದು ಇದರಿಂದ ತಿಳಿಯುತ್ತದೆ.

ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಯು ಮುಂದೆ ಜನರನ್ನು ಮೂರು ಬಗೆಯಾಗಿ ಎಣಿಸಿತು: ಕಡತದ ಒಡೆಯ, ಅವನ ತಂಡ, ಉಳಿದವರು. ಓದುವ, ತಿದ್ದುವ, ನಡೆಸುವ ಅಧಿಕಾರಗಳನ್ನು ಒಂದೊಂದು ಬಗೆಯವರಿಗೂ ಬೇರೆ ಬೇರೆಯಾಗಿ ಕೊಡಬಹುದು. ನನಗೆ ಬೇಕಾಗಿದ್ದುದೂ ಇಷ್ಟೇ: ತಂಡದವರು ಓದಲಿ, ಉಳಿದವರಿಗೆ ಏನೂ ಬೇಡ.

ಈ ವರ್ಷ ಹಾಗೆಯೇ ಮಾಡಿದ್ದೇವೆ. ಪ್ರತಿಯೊಬ್ಬ ಸದಸ್ಯನೂ ತನ್ನ ಸ್ವಂತ ಹೆಸರಿನಿಂದಲೇ ಒಳಗೆ ಬರಬೇಕು. ಏಳು ಮಂದಿ ಓದಬಹುದು; ತಿದ್ದುವ ಅಧಿಕಾರ ಇಬ್ಬರಿಗೆ ಮಾತ್ರ. ಸಮಿತಿಯನ್ನು ಬಿಟ್ಟವರ ಹೆಸರನ್ನು ಅಂದೇ ತೆಗೆಯುತ್ತೇವೆ. ಬರೆದವರ ಹೆಸರುಗಳನ್ನು ಲೇಖನಗಳಿಂದ ಬೇರ್ಪಡಿಸಿ, ಬೇರೊಂದು ಕಡತದಲ್ಲಿ ಇರಿಸಿದ್ದೇವೆ.

ಇಷ್ಟಾದರೂ ಒಳಗಿರುವವನೇ ನೋಡಿ ಹೊರಗೆ ಹೇಳಿದರೆ ಯಾವ ಯಂತ್ರವೂ ತಡೆಯಲಾರದು. ಅಲ್ಲಿಂದಾಚೆಗೆ ನಮ್ಮ ನಡತೆಯೇ ಬೀಗ. ಆ ತಂಗಿಯಲ್ಲಿ ಕ್ಷಮೆ ಕೇಳಿದ್ದೇನೆ. ಪ್ರಬಂಧ ಮಾತ್ರ ಮರಳಿ ಬರಲಿಲ್ಲ. ಮುಂದಿನ ವರ್ಷ ಸಮಿತಿಗೆ ಬರುವ ಮಿತ್ರರಲ್ಲಿ ನನ್ನದೊಂದು ಬಿನ್ನಹ: ಲೇಖನಗಳನ್ನು ಕೇಳುವುದಕ್ಕೆ ಮುಂಚೆ ಪಟ್ಟಿಯನ್ನು ಸಿದ್ಧಮಾಡಿರಿ.