ನೂರು ರೂಪಾಯಿಯಲ್ಲಿ ಊರಿನ ಇಪ್ಪತ್ತು

ಗದಗದಿಂದ ಕೊಪ್ಪಳದ ಕಡೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅನ್ನೋದು ಊರವರ ಲೆಕ್ಕ. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. ಲಕ್ಕುಂಡಿ ಬಗ್ಗೆ ಕಾರ್ಯಕ್ರಮ ಮಾಡಿದಾಗೆಲ್ಲ ವೀಕ್ಷಕರು ಕೇಳೋದು ಒಂದೇ ಪ್ರಶ್ನೆ: 'ಸರ್ಕಾರ ಏನ್ ಮಾಡ್ತಿದೆ?'

ಯಾವ ಸರ್ಕಾರ ಅಂತ ಮೊದಲು ನೋಡೋಣ. ಆ ಬಸದಿ, ಕಾಶಿ ವಿಶ್ವೇಶ್ವರ ಗುಡಿ ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕೈಯಲ್ಲಿವೆ. ಅದಕ್ಕೆ 1958ರ ಕಾನೂನಿದೆ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ಕಾನೂನು. ಈ ಎರಡೂ ಪಟ್ಟಿಯಲ್ಲಿಲ್ಲದ ಹಳೇ ಕಟ್ಟಡಗಳು ನಮ್ಮ ಹಳ್ಳಿಗಳ ತುಂಬ ಇವೆ. ಅವುಗಳಿಗೆ ಬೋರ್ಡೂ ಇಲ್ಲ, ಕಾವಲುಗಾರನೂ ಇಲ್ಲ.

ಪಟ್ಟಿಗೆ ಸೇರಿದರೆ ಎಲ್ಲ ಸರಿಹೋಗುತ್ತಾ? ಕೇಂದ್ರದ ಸ್ಮಾರಕವಾದರೆ 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆ ನೂರು ಮೀಟರಿನಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಇದ್ದ ಮನೆಯ ರಿಪೇರಿಗೂ ಅನುಮತಿ ಬೇಕು. ನಿಯಮಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಆದರೆ ಬೇಲಿಯ ಒಳಗೆ ಸರ್ಕಾರದ ದುಡ್ಡು, ಬೇಲಿಯ ಹೊರಗೆ ಬರೀ ಸರ್ಕಾರದ ನಿಯಮ ಅಂತಾದರೆ, ಪಕ್ಕದ ಮನೆಯವರಿಗೆ ಆ ಗುಡಿ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ಪಟ್ಟಿಯ ಹೊರಗಿನ ಗುಡಿಗಳಿಗೆ ನಮ್ಮಲ್ಲೊಂದು ದಾರಿ ಇದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನ ಜೊತೆ ಖರ್ಚು ಹಂಚಿಕೊಳ್ಳುವ ಪದ್ಧತಿ. ನೂರು ರೂಪಾಯಿಯಲ್ಲಿ 40 ರಾಜ್ಯ ಸರ್ಕಾರದ್ದು, 40 ಟ್ರಸ್ಟಿನದು, 20 ಊರಿನವರದು. ಇನ್ನೂರಕ್ಕೂ ಹೆಚ್ಚು ಗುಡಿಗಳು ಹೀಗೆ ಎದ್ದು ನಿಂತಿವೆ. ವಾಲಿದ ಗುಡಿಯಾದರೆ ಒಂದೊಂದು ಕಲ್ಲಿಗೂ ನಂಬರ್ ಬರೆದು, ಬಿಚ್ಚಿ, ತಳಪಾಯ ಭದ್ರ ಮಾಡಿ, ಮತ್ತೆ ಅದೇ ಜಾಗಕ್ಕೆ ಕೂರಿಸ್ತಾರೆ. ನಾನು ಎಂಜಿನಿಯರಿಂಗ್ ಓದಿದವನು (ಸಿವಿಲ್ ಅಲ್ಲ, ಬೈಬೇಡಿ), ಈ ಕೆಲಸ ನೋಡಿದರೆ ಹೊಟ್ಟೆಕಿಚ್ಚಾಗುತ್ತೆ.

ಊರಿನ ಆ ಇಪ್ಪತ್ತೇ ಮುಖ್ಯ ಅಂತ ನನಗನ್ನಿಸುತ್ತೆ. ದುಡ್ಡು ಹಾಕಿದವನು ಕೆಲಸ ನೋಡೋಕೆ ಬರ್ತಾನೆ. ಹಾಗೆ ಬಂದವನಿಗೆ ಸುಣ್ಣದ ಗಾರೆ ಯಾಕೆ, ಸಿಮೆಂಟ್ ಯಾಕೆ ಬೇಡ ಅಂತ ಹೇಳಬಹುದು. ಹಳೇ ಕಲ್ಲು ನೀರು ಕುಡಿಯುತ್ತೆ, ಮತ್ತೆ ಬಿಡುತ್ತೆ. ಸುಣ್ಣ ಅದಕ್ಕೆ ದಾರಿ ಕೊಡುತ್ತೆ. ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಂಡು, ಉಪ್ಪು ಹರಳುಗಟ್ಟಿ, ಶಿಲ್ಪದ ಮುಖವೇ ಪದರ ಪದರವಾಗಿ ಉದುರುತ್ತೆ. ಒಂದೂರಲ್ಲಿ ಭಕ್ತರೇ ಸೇರಿ ಗರ್ಭಗುಡಿಗೆ ಬಚ್ಚಲುಮನೆ ಟೈಲ್ಸ್ ಹಾಕಿಸಿದ್ದನ್ನೂ ನೋಡಿದ್ದೇನೆ.

ಈ ಲೆಕ್ಕಕ್ಕೆ ಒಂದು ತೊಡಕಿದೆ. ಆ ಇಪ್ಪತ್ತು ಬರೋದು ಭಕ್ತಿಯಿಂದ. ಹಳೇ ಬಾವಿಗೆ, ಬಿದ್ದ ವಾಡೆಗೆ ಹರಕೆ ಹೊರೋರು ಯಾರು? ಗದಗ ಕಡೆಯ ಪಂಚಾಯಿತಿ ಸದಸ್ಯರೊಬ್ಬರು ಫೋನಲ್ಲಿ ಕೇಳಿದ್ದೂ ಇದನ್ನೇ: 'ನಮ್ಮೂರ ಬಾವ್ಯಾಗ ದೇವ್ರಿಲ್ರೀ ಸರ್, ರೊಕ್ಕ ಯಾರ ಕೊಡ್ತಾರ?'

ರಾಜ್ಯದ ಪಟ್ಟಿಗೆ ಸೇರಿಸಿ ಅಂತ ಪುರಾತತ್ವ ಇಲಾಖೆಗೆ ಫೋಟೋ, ಅಳತೆ ಸಮೇತ ಬರೆಯಿರಿ ಅಂದೆ. ಉತ್ತರ ಬರೋವರೆಗೆ ಬಾವಿಗೆ ಕಸ ಸುರಿಯದ ಹಾಗೆ ನೋಡ್ಕೊಳ್ಳಿ, ಗೋಡೆಯಲ್ಲಿ ಬೇರು ಬಿಡ್ತಿರೋ ಆಲದ ಸಸಿಯನ್ನ ಈ ಮಳೆಗಾಲದೊಳಗೆ ತೆಗೆಸಿ ಅಂತಲೂ ಹೇಳಿದೆ.